ಬ್ರಿಡ್ಜ್ ಎದ್ದಿದೆಯಾ? ಮೊದಲು ತಂತಿ ಸಡಿಲಿಸಿ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಅಕೌಸ್ಟಿಕ್ ಗಿಟಾರ್‌ನ ಬ್ರಿಡ್ಜ್ ಏಳುತ್ತಿದೆ, ಹಲಗೆ ಉಬ್ಬಿದೆ, ನೆಕ್ ಬಾಗಿದೆ, ಏನು ಮಾಡಲಿ ಅಂತ. ಹೊಸಬರಿಗೆ ಒಂದು ಮಾತು: ಹಲಗೆ ಅಂದರೆ ಗಿಟಾರ್‌ನ ಮುಂಭಾಗ, ಬ್ರಿಡ್ಜ್ ಅಂದರೆ ಅದರ ಮೇಲೆ ಅಂಟಿಸಿದ, ತಂತಿಗಳ ಬುಡ ಹಿಡಿದಿಡುವ ಮರದ ತುಂಡು, ನೆಕ್ ಅಂದರೆ ಉದ್ದನೆಯ ಕತ್ತು, ಫ್ರೆಟ್ ಅಂದರೆ ಅದರ ಮೇಲಿನ ಅಡ್ಡ ಲೋಹದ ಪಟ್ಟಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದು ಕೂತಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಗಿದೆ. ಬೇರೆಯವರೂ ಅದನ್ನು ಓದಿಯೇ ಮುಂದೆ ಹೋಗಿ, ನಿಮ್ಮ ಉತ್ತರದ ಅರ್ಧ ಭಾಗ ಅಲ್ಲೇ ಇದೆ.

ಪ್ರಶ್ನೆ: ನಮಸ್ಕಾರ ಸರ್. ಅಣ್ಣನ ಹಳೆಯ ಗಿಟಾರ್ ಈಗ ನನ್ನ ಪಾಲಿಗೆ ಬಂದಿದೆ. ನಾಲ್ಕು ವರ್ಷ ಅಟ್ಟದ ಮೇಲಿತ್ತು, ತಂತಿ ಸಡಿಲ ಮಾಡಿರಲಿಲ್ಲ. ತೆಗೆದು ನೋಡಿದರೆ 12ನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರ ಇದೆ ಅಂದರೆ, ಒತ್ತಿದರೆ ಬೆರಳು ಉರಿಯುತ್ತದೆ. ಬ್ರಿಡ್ಜ್‌ನ ಹಿಂಬದಿ ಬಿಟ್ಟುಕೊಂಡಿದೆ, ಕಾಗದ ತೂರಿಸಿದರೆ ಒಳಗೆ ಹೋಗುತ್ತದೆ. ಅದರ ಹಿಂದೆ ಹಲಗೆಗೆ ಹೊಟ್ಟೆ ಬಂದ ಹಾಗಿದೆ. ಸಂದಿಗೆ ಸೂಪರ್ ಗ್ಲೂ ಬಿಟ್ಟು ಮೇಲೆ ಭಾರ ಇಡು, ಸಾಕು ಅಂತ ಗೆಳೆಯ ಹೇಳುತ್ತಾನೆ. ಹಾಗೆ ಮಾಡಲಾ? ಮನೆಯಲ್ಲೇ ಆಗುವ ಕೆಲಸವಾ ಇದು?

ಉತ್ತರ: ಹಾಗೆ ಮಾಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಎದ್ದು ಹೋಗಿ ಆರೂ ತಂತಿ ಸಡಿಲಿಸಿ. ಬಿಚ್ಚುವುದು ಬೇಡ, ಜೋತು ಬೀಳುವಷ್ಟು ಸಡಿಲವಾದರೆ ಸಾಕು. ಲೈಟ್ ಸೆಟ್ ಅಂತ ಕರೆಯುವ 12ರ (ಅತಿ ತೆಳು ತಂತಿ 0.012 ಇಂಚು ದಪ್ಪ ಇರುವ) ಸ್ಟೀಲ್ ತಂತಿಗಳು ಸರಿಯಾದ ಶ್ರುತಿಯಲ್ಲಿ ಇದ್ದಾಗ ಆರೂ ಸೇರಿ ಸುಮಾರು 73 ಕೆಜಿ ಬಲದಿಂದ ಜಗ್ಗುತ್ತವೆ. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ನಿಮ್ಮ ಬ್ರಿಡ್ಜ್‌ಗೆ ಜೋತುಬಿದ್ದ ಲೆಕ್ಕ. ಅದನ್ನು ತಡೆದು ನಿಲ್ಲಿಸಿರುವುದು ಹೆಚ್ಚುಕಡಿಮೆ 3 ಮಿಲಿಮೀಟರ್ ದಪ್ಪದ ಹಲಗೆ, ಮತ್ತೆ ಆರು ಇಂಚು ಉದ್ದ ಒಂದೂವರೆ ಇಂಚು ಅಗಲದ ಒಂದು ಅಂಟಿನ ಪದರ. ಹಿಂಬದಿಯಲ್ಲಿ ಸಂದು ಬಿಟ್ಟ ಮೇಲೆ ಆ ಪದರ ದಿನದಿನಕ್ಕೆ ಚಿಕ್ಕದಾಗುತ್ತಾ ಹೋಗುತ್ತದೆ, ಉಳಿದ ಅಂಟಿನ ಮೇಲೆ ಭಾರ ಜಾಸ್ತಿಯಾಗುತ್ತದೆ. ಕೊನೆಗೊಂದು ದಿನ ಬ್ರಿಡ್ಜ್ ಹಲಗೆಯ ಸಿಬಿರನ್ನೂ ಕಿತ್ತುಕೊಂಡೇ ಹಾರುತ್ತದೆ. ಆಗ ರಿಪೇರಿ ಎರಡು ಪಟ್ಟು ಕಷ್ಟ.

ಹಿಂಬದಿಯೇ ಯಾಕೆ ಏಳುತ್ತದೆ ಗೊತ್ತಾ? ತಂತಿ ಜಗ್ಗುವುದು ಹಲಗೆಯ ಮಟ್ಟದಲ್ಲಿ ಅಲ್ಲ, ಅದಕ್ಕಿಂತ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಮೇಲೆ, ಸ್ಯಾಡಲ್‌ನ, ಅಂದರೆ ಬ್ರಿಡ್ಜ್ ಮೇಲೆ ತಂತಿ ಆನುವ ತೆಳು ಪಟ್ಟಿಯ ತುದಿಯಲ್ಲಿ. ಹಾಗಾಗಿ ಬ್ರಿಡ್ಜ್ ಸುಮ್ನೆ ಮುಂದಕ್ಕೆ ಜಾರುವುದಿಲ್ಲ. ಹಾರೆ ಹಾಕಿ ಮೀಟಿದ ಹಾಗೆ ಮುಂದಕ್ಕೆ ಮಗುಚಲು ನೋಡುತ್ತದೆ. ಮುಂಭಾಗ ಹಲಗೆಯನ್ನು ಒಳಕ್ಕೆ ಒತ್ತುತ್ತದೆ, ಹಿಂಭಾಗ ಮೇಲಕ್ಕೆ ಎಬ್ಬುತ್ತದೆ. ಸೌಂಡ್‌ಹೋಲ್ (ಹಲಗೆಯಲ್ಲಿರುವ ದುಂಡು ತೂತು) ಮತ್ತು ಬ್ರಿಡ್ಜ್ ನಡುವೆ ತಗ್ಗು, ಬ್ರಿಡ್ಜ್ ಹಿಂದೆ ಉಬ್ಬು ಕಾಣುವುದು ಇದರಿಂದಲೇ. ನೀವು ಬರೆದ ಮೂರು ಲಕ್ಷಣಕ್ಕೂ, ಅಂದರೆ ಎತ್ತರದ ತಂತಿ, ಸಂದು, ಹೊಟ್ಟೆ, ಮೂಲ ಒಂದೇ ಇರಬಹುದು. ಮೂರಕ್ಕೂ ಬೇರೆಬೇರೆ ಕಾರಣವೂ ಇರಬಹುದು. ಅದನ್ನು ಪತ್ತೆ ಮಾಡದೆ ಅಂಟಿನ ಬಾಟಲಿಗೆ ಕೈ ಹಾಕಬೇಡಿ ಅನ್ನುವುದೇ ನಾನು ಈ ಸಲ ಎಲ್ಲರಿಗೂ ಹೇಳಬೇಕೆಂದಿರುವ ಮಾತು.

ಪತ್ತೆ ಮಾಡುವುದು ಹೀಗೆ. ಶ್ರುತಿ ಇಳಿಸುವ ಮುಂಚೆ 12ನೇ ಫ್ರೆಟ್‌ನ ನೆತ್ತಿಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟಿದೆ ಅಂತ ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. 2 ರಿಂದ 2.5 ಮಿಲಿಮೀಟರ್ ಇದ್ದರೆ ಆರೋಗ್ಯ, 4 ದಾಟಿದ್ದರೆ ಏನೋ ಸರಿ ಇಲ್ಲ. ಈಗಾಗಲೇ ಸಡಿಲಿಸಿದ್ದರೆ ಪರವಾಗಿಲ್ಲ, ಅಳೆಯಲೆಂದು ಮತ್ತೆ ಬಿಗಿಯಬೇಡಿ. ಆಮೇಲೆ ತೆಳುವಾದ ಒಂದು ಕಾಗದವನ್ನು ಬ್ರಿಡ್ಜ್‌ನ ಸುತ್ತ ನಾಲ್ಕೂ ಕಡೆ ತೂರಿಸಿ ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾಗದದ ಮೇಲೆ ಪೆನ್ಸಿಲ್ ಗುರುತು ಹಾಕಿ. 2 ಮಿಲಿಮೀಟರ್ ಒಳಗೆ ಹೋಗಿ ನಿಂತರೆ ಅಲ್ಲಿ ಬಿರುಕು ಇಲ್ಲದೆಯೂ ಇರಬಹುದು, ಬ್ರಿಡ್ಜ್‌ನ ಅಂಚಿನಲ್ಲಿ ವಾರ್ನಿಶ್ ಬಿಟ್ಟು ಕೂರಿಸಿದಾಗ ಆ ತೆಳು ಸಂದು ಹುಟ್ಟಿನಿಂದಲೇ ಬಂದಿರುತ್ತದೆ. ಅಂಥದ್ದನ್ನು ಮುಟ್ಟಬೇಡಿ, ತಿಂಗಳಿಗೊಮ್ಮೆ ನೋಡುತ್ತಿರಿ. ಕಾಗದ 5-6 ಮಿಲಿಮೀಟರ್ ಒಳಗೆ ಹೋಗುತ್ತಿದ್ದರೆ ಬ್ರಿಡ್ಜ್ ಬಿಚ್ಚಲೇಬೇಕು.

ಮುಂದೆ ಸೌಂಡ್‌ಹೋಲ್‌ನಲ್ಲಿ ಒಂದು ಸಣ್ಣ ಕನ್ನಡಿ, ಜೊತೆಗೆ ಮೊಬೈಲ್ ಟಾರ್ಚ್. ಹಲಗೆಯ ಒಳಮೈಯಲ್ಲಿ ಪಕ್ಕೆಲುಬಿನ ಹಾಗೆ ಬ್ರೇಸ್‌ಗಳು ಕಾಣುತ್ತವೆ, ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಸಾಮಾನ್ಯವಾಗಿ ಗುಣಾಕಾರದ ಗುರುತಿನ ಆಕಾರದಲ್ಲಿ. ಪ್ರತಿ ಬ್ರೇಸ್‌ನ ಬುಡದಲ್ಲೂ ಅದೇ ಕಾಗದವನ್ನು ತೂರಿಸಿ ನೋಡಿ. ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ಮೆಲ್ಲಗೆ ತಟ್ಟಿ ಕೇಳಿ. ಎಲ್ಲ ಕಡೆ ತುಂಬಿದ ಸದ್ದು ಬಂದು ಒಂದು ಕಡೆ ಮಾತ್ರ ಜರಜರ ಅಂದರೆ ಅಲ್ಲಿ ಬ್ರೇಸ್ ಬಿಟ್ಟಿದೆ. ಹೊಟ್ಟೆ ಬರಲು ಅದೂ ಒಂದು ದೊಡ್ಡ ಕಾರಣ.

ಕೊನೆಯದು ನೆಕ್. ಫ್ರೆಟ್‌ಗಳ ಮೇಲೆ ಉದ್ದನೆಯ ನೇರ ಪಟ್ಟಿ ಇಟ್ಟು ಬ್ರಿಡ್ಜ್ ಕಡೆಗೆ ತಳ್ಳಿ. ಪಟ್ಟಿಯ ತುದಿ ಬ್ರಿಡ್ಜ್‌ನ ನೆತ್ತಿಯನ್ನು ಸವರಿಕೊಂಡು ಹೋದರೆ ನೆಕ್‌ನ ಕೋನ ಸರಿ ಇದೆ. ಬ್ರಿಡ್ಜ್‌ನ ಎದೆಗೆ ಹೋಗಿ ಬಡಿದರೆ ಒಂದೋ ಬ್ರಿಡ್ಜ್ ಎದ್ದಿದೆ, ಇಲ್ಲವೇ ಹಲಗೆ ಎದ್ದಿದೆ, ಇಲ್ಲವೇ ನೆಕ್ ಮುಂದಕ್ಕೆ ಬಾಗಿದೆ. ಕಾಗದದ ಪರೀಕ್ಷೆ, ಕನ್ನಡಿಯ ಪರೀಕ್ಷೆ ಎರಡನ್ನೂ ಇದರ ಜೊತೆ ಇಟ್ಟು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಈಗ ಸೂಪರ್ ಗ್ಲೂ ವಿಷಯ. ಸಂದಿಯೊಳಗೆ ಏನಿದೆ ಅಂತ ಯೋಚಿಸಿ. ಹಳೆಯ ಅಂಟಿನ ಒಣಗಿದ ಪದರ, ಧೂಳು, ವಾರ್ನಿಶ್. ಅದರ ಮೇಲೆ ನೀವು ಬಿಡುವ ಯಾವ ಅಂಟೂ ಮರವನ್ನು ಹಿಡಿಯುವುದಿಲ್ಲ, ಧೂಳನ್ನು ಹಿಡಿಯುತ್ತದೆ. ಸೂಪರ್ ಗ್ಲೂ ಗಾಜಿನ ಹಾಗೆ ಗಟ್ಟಿ, ಅಷ್ಟೇ ಪೆಡಸು. ಸದಾ ಮೀಟುವ ಎಳೆತಕ್ಕೆ ಮತ್ತೆ ಬಿಟ್ಟುಕೊಳ್ಳುತ್ತದೆ. ಅದು ಮರದ ನಾರಿನೊಳಗೆ ಇಳಿದುಬಿಟ್ಟರೆ ಆಮೇಲೆ ಸರಿಯಾದ ಅಂಟು ಕೂಡ ಅಲ್ಲಿ ಹಿಡಿಯುವುದಿಲ್ಲ. ಎಪಾಕ್ಸಿಯೂ ಬೇಡ. ಮುಂದೊಂದು ದಿನ ಬಿಸಿ ಮಾಡಿ ಬಿಡಿಸಲು ಬರುವಂಥ ಅಂಟೇ ಬೇಕು. ಹಳದಿ ಬಣ್ಣದ ಮರಗೆಲಸದ ಅಂಟು, ಟೈಟ್‌ಬಾಂಡ್ ಒರಿಜಿನಲ್ ಥರದ್ದು, ಸಾಕು. ನೀರು ತಡೆಯುತ್ತದೆ ಅಂತ ಬರುವ ಅದರ ಬೇರೆ ಬಗೆಗಳು ಈ ಕೆಲಸಕ್ಕೆ ಬೇಡ. ಪಳಗಿದವರು ಪ್ರಾಣಿಗಳ ಚರ್ಮದಿಂದ ಮಾಡುವ ಬಿಸಿ ಹೈಡ್ ಗ್ಲೂ ಬಳಸುತ್ತಾರೆ, ಅದು ಬಹಳ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ನಿಮಿಷದೊಳಗೆ ಕ್ಲ್ಯಾಂಪ್ ಬೀಳಬೇಕು. ಮೊದಲ ಸಲಕ್ಕೆ ಅದು ಬೇಡ.

ಮನೆಯಲ್ಲಿ ಆಗುತ್ತದಾ ಅಂದರೆ, ಆಗುತ್ತದೆ. ಆತುರ ಇಲ್ಲದಿದ್ದರೆ. ಗಿಟಾರ್ ಬೆಲೆಬಾಳುವ ಹಳೆಯದಾಗಿದ್ದರೆ ಅಥವಾ ಹಲಗೆಯಲ್ಲಿ ಸೀಳು ಕಂಡರೆ ಪಳಗಿದ ಗಿಟಾರ್ ರಿಪೇರಿಯವರಿಗೇ ಕೊಡಿ.

ಬಿಚ್ಚುವುದು ಹೇಗೆ ಅಂತ ಹೇಳುತ್ತೇನೆ. ತಂತಿ, ಅದರ ಬುಡವನ್ನು ತೂತಿನಲ್ಲಿ ಹಿಡಿದಿಡುವ ಪಿನ್, ಸ್ಯಾಡಲ್ ಎಲ್ಲ ತೆಗೆಯಿರಿ, ಪ್ಲಾಸ್ಟಿಕ್ ಸ್ಯಾಡಲ್ ಬಿಸಿಗೆ ಕರಗುತ್ತದೆ. ಬ್ರಿಡ್ಜ್ ಮೇಲೆ ಎರಡು ಬಿಳಿ ಚುಕ್ಕೆ ಇದ್ದರೆ ಅದರ ಕೆಳಗೆ ಬೋಲ್ಟ್ ಅಡಗಿರಬಹುದು. ಒಳಗೆ ಕನ್ನಡಿ ಹಿಡಿದು ನಟ್ ಕಾಣುತ್ತದಾ ನೋಡಿ, ಕಂಡರೆ ಮೊದಲು ಅದನ್ನು ಬಿಚ್ಚಿ. ಬ್ರಿಡ್ಜ್‌ನ ಸುತ್ತ ಬೇಗ ಕಿತ್ತುಬರುವ ಪೇಂಟರ್ ಟೇಪ್ ಅಂಟಿಸಿ ಅದರ ಅಂಚಿಗೆ ಸರಿಯಾಗಿ ಗೆರೆ ಮಾಡಿಕೊಳ್ಳಿ. ಇದನ್ನು ಮರೆಯಲೇಬಾರದು, ಯಾಕೆಂದರೆ ವಾಪಸ್ ಕೂರಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಕೆಡುತ್ತದೆ. ಉಳಿದ ಹಲಗೆಯನ್ನು ದಪ್ಪ ರಟ್ಟು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹಾಕಿ ಮುಚ್ಚಿ. ಇಸ್ತ್ರಿ ಪೆಟ್ಟಿಗೆಯನ್ನು ಹದವಾಗಿ ಬಿಸಿ ಮಾಡಿ ಬ್ರಿಡ್ಜ್‌ನ ಮೇಲೆ ಇಡಿ. ಬ್ರಿಡ್ಜ್‌ನ ಬೀಟೆ ಮರದ ಮೂಲಕ ಬಿಸಿ ನಿಧಾನವಾಗಿ ಇಳಿಯುತ್ತದೆ, ಐದಾರು ನಿಮಿಷ ಬೇಕಾಗುತ್ತದೆ. ನಡುನಡುವೆ ತೆಗೆದು ಪಕ್ಕದ ವಾರ್ನಿಶ್ ಮುಟ್ಟಿ ನೋಡಿ.

ಆಮೇಲೆ ತುದಿ ಮೊಂಡಾದ, ತೆಳುವಾದ, ಬಾಗುವ ಚಾಕು. ಬಣ್ಣ ಕಲಸುವವರು ಬಳಸುವ ಪ್ಯಾಲೆಟ್ ನೈಫ್ ಚೆನ್ನಾಗಿರುತ್ತದೆ. ಈಗಾಗಲೇ ಬಿಟ್ಟಿರುವ ಹಿಂದಿನ ಮೂಲೆಯಿಂದ ತೂರಿಸಿ. ಅಂಟು ಮೆತ್ತಗಾಗಿದ್ದರೆ ಚಾಕು ತಾನಾಗಿಯೇ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ, ಒಂದು ಥರ ಬಿಸಿ ಅಂಟಿನ ವಾಸನೆ ಬರುತ್ತದೆ, ಚಾಕುವಿನ ಮೇಲೆ ರಬ್ಬರ್ ಥರ ಎಳೆ ಎಳೆ ಅಂಟಿಕೊಂಡು ಬರುತ್ತದೆ. ಮುಂದೆ ಹೋಗದಿದ್ದರೆ ತಳ್ಳಬೇಡಿ, ಮತ್ತೆ ಬಿಸಿ ಮಾಡಿ. ಮೇಲಕ್ಕೆ ಮೀಟಲೇಬೇಡಿ. ಚಾಕುವಿನ ಜೊತೆ ಬಿಳಿ ನಾರು ಬರತೊಡಗಿದರೆ ತಕ್ಷಣ ನಿಲ್ಲಿಸಿ. ಹಲಗೆಯ ಎಳೆ ಆ ಕಡೆಯಿಂದ ಒಳಕ್ಕೆ ಇಳಿಯುತ್ತಿದೆ ಅಂತ ಅರ್ಥ. ಎದುರು ಬದಿಯಿಂದ ಬನ್ನಿ, ಸಲೀಸಾಗಿ ಬರುತ್ತದೆ. ನನಗೆ ಈ ಒಂದು ಹಂತಕ್ಕೆ ಈಗಲೂ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಬ್ರಿಡ್ಜ್ ಕೈಗೆ ಬಂದ ಮೇಲೆ ಅದರ ತಳ ನೋಡಿ. ಯಾಕೆ ಎದ್ದಿತು ಅಂತ ಅಲ್ಲಿ ಬರೆದಿರುತ್ತದೆ. ಅಂಟು ಹೊಳೆಯುತ್ತಾ ನುಣ್ಣಗಿದ್ದರೆ ಅದು ಎದುರಿನ ಮರವನ್ನು ಮುಟ್ಟಿಯೇ ಇರಲಿಲ್ಲ. ಸುತ್ತ ಅಂಚಿನಲ್ಲಿ ವಾರ್ನಿಶ್‌ನ ಅಚ್ಚು ಕಂಡರೆ ಅಷ್ಟು ಅಗಲ ಬರೀ ಬಣ್ಣಕ್ಕೆ ಅಂಟಿತ್ತು. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇದು ಬಹಳ. ಹಾಗಿದ್ದರೆ ಹೊಸ ಬ್ಲೇಡಿನಿಂದ ಬ್ರಿಡ್ಜ್‌ನ ಗೆರೆಗಿಂತ ಒಂದು ಕೂದಲಷ್ಟು ಒಳಗೆ ವಾರ್ನಿಶ್ ಮಾತ್ರ ಕತ್ತರಿಸಿ, ಒಳಭಾಗವನ್ನು ಹೆರೆದು ಬರಿ ಮರ ಕಾಣಿಸಿ. ಬ್ಲೇಡು ಮರದೊಳಗೆ ಇಳಿಯಬಾರದು. ಹಳೆಯ ಅಂಟನ್ನೂ ಹಾಗೇ ಹೆರೆಯಿರಿ, ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿಕೊಂಡು ಹೆರೆದರೆ ಸುಲಭ. ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದರೆ ಅಂಚುಗಳು ದುಂಡಗಾಗಿ ನಡುವೆ ದಿಬ್ಬ ಉಳಿಯುತ್ತದೆ.

ನಾನು ಮೊದಲ ಸಲ ಬ್ರಿಡ್ಜ್ ಅಂಟಿಸಿದಾಗ ಇಲ್ಲೇ ಎಡವಿದ್ದೆ. ಹಳೆಯ ಅಂಟು ಅಲ್ಲಲ್ಲಿ ಉಳಿದಿತ್ತು, ಇರಲಿ ಬಿಡು, ಹೊಸ ಅಂಟು ಅದನ್ನೂ ಸೇರಿಸಿ ಹಿಡಿಯುತ್ತದೆ ಅಂದುಕೊಂಡೆ. ಮೂರು ವಾರ ಚೆನ್ನಾಗಿತ್ತು. ಒಂದು ರಾತ್ರಿ ಪಕ್ಕದ ಕೋಣೆಯಿಂದ ಠಪ್ ಅಂತ ಸದ್ದು. ಹೋಗಿ ನೋಡಿದರೆ ಬ್ರಿಡ್ಜ್ ತಂತಿಗಳ ತುದಿಯಲ್ಲಿ ನೇತಾಡುತ್ತಿತ್ತು, ಹಲಗೆಯ ಮೇಲೆ ಅಂಗೈ ಅಗಲ ಸಿಬಿರು ಎದ್ದಿತ್ತು. ಒಣಗಿದ ಮರದ ಅಂಟಿನ ಮೇಲೆ ಅದೇ ಅಂಟು ಮತ್ತೆ ಹಿಡಿಯುವುದಿಲ್ಲ. ಮರಕ್ಕೆ ಮರ ತಾಗಬೇಕು. ಅವತ್ತಿನಿಂದ ಹೆರೆಯುವುದಕ್ಕೆ ಒಂದು ಪೂರ್ತಿ ಸಂಜೆ ಎತ್ತಿಡುತ್ತೇನೆ.

ಬ್ರಿಡ್ಜ್‌ನ ತಳವೂ ಹಲಗೆಯ ಮೈಗೆ ಹೊಂದಬೇಕು. ಹಲಗೆ ಪೂರ್ತಿ ಚಪ್ಪಟೆ ಇರುವುದಿಲ್ಲ, ಸ್ವಲ್ಪ ಕಮಾನು ಇರುತ್ತದೆ. ಸ್ಯಾಂಡ್‌ಪೇಪರನ್ನು ಒರಟು ಮೈ ಮೇಲಾಗಿ ಹಲಗೆಯ ಮೇಲೆ ಟೇಪ್ ಹಾಕಿ ಕೂರಿಸಿ, ಅದರ ಮೇಲೆ ಬ್ರಿಡ್ಜನ್ನು ಅದೇ ಜಾಗದಲ್ಲಿ ನಾಲ್ಕಾರು ಸಲ ಆಡಿಸಿದರೆ ತಳ ಅದೇ ಆಕಾರಕ್ಕೆ ಬರುತ್ತದೆ. ಬ್ರಿಡ್ಜ್ ಇಟ್ಟು ಒಂದು ಬೆರಳಲ್ಲಿ ಒತ್ತಿದರೆ ಸುತ್ತ ಎಲ್ಲೂ ಬೆಳಕು ತೂರಬಾರದು. ಕ್ಲ್ಯಾಂಪ್ ಬಿಗಿದು ಸಂದು ಮುಚ್ಚಿದರೆ ಆಯಿತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಕ್ಲ್ಯಾಂಪ್ ತೆಗೆದ ಕ್ಷಣದಿಂದ ಅದು ಮತ್ತೆ ಬಿಚ್ಚಿಕೊಳ್ಳಲು ಹೊಂಚು ಹಾಕುತ್ತಿರುತ್ತದೆ.

ಅಂಟಿಸುವ ಮೊದಲು ಅಂಟಿಲ್ಲದೆ ಒಂದು ಸಲ ಪೂರ್ತಿ ಜೋಡಿಸಿ ನೋಡಿ. ಒಳಗಡೆ ಬ್ರೇಸ್‌ಗಳಿಗೆ ತಾಗದ ಹಾಗೆ ಕಚ್ಚು ಮಾಡಿದ ಮರದ ತುಂಡು, ಸೌಂಡ್‌ಹೋಲ್‌ನಿಂದ ತೂರುವ ಉದ್ದ ಬಾಯಿಯ ಮೂರು ಕ್ಲ್ಯಾಂಪ್, ಮೇಲೆ ಒಂದು ಅಡ್ಡ ಪಟ್ಟಿ. ಅತಿ ದಪ್ಪ, ಅತಿ ತೆಳು ತಂತಿಯ ಎರಡು ಪಿನ್ ತೂತಿನಲ್ಲಿ ಮೇಣ ಸವರಿದ ಬೋಲ್ಟ್ ಇಳಿಸಿದರೆ ಬ್ರಿಡ್ಜ್ ಒದ್ದೆ ಅಂಟಿನ ಮೇಲೆ ಜಾರುವುದಿಲ್ಲ. ಬೀಟೆ ಎಣ್ಣೆಯಂಶ ಇರುವ ಮರ, ಹಾಗಾಗಿ ತಳವನ್ನು ಅಸಿಟೋನ್ ಹಾಕಿದ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿ. ಒರೆಸುವ ಕೆಲಸ ಗಿಟಾರ್‌ನಿಂದ ದೂರ ಮಾಡಿ, ಒಂದು ಹನಿ ಬಿದ್ದರೂ ವಾರ್ನಿಶ್ ಕರಗಬಹುದು. ಆಮೇಲೆ ತಳದ ತುಂಬ ತೆಳ್ಳಗೆ ಅಂಟು ಸವರಿ, ಕೂರಿಸಿ, ಮೊದಲು ನಡುವಿನ ಕ್ಲ್ಯಾಂಪ್, ನಂತರ ಎರಡು ರೆಕ್ಕೆ. ಸುತ್ತ ಸಣ್ಣ ಮಣಿಗಳ ಸಾಲಿನ ಹಾಗೆ ಅಂಟು ಹೊರಬರಬೇಕು, ಬಂದರೆ ಎಲ್ಲ ಕಡೆ ತಲುಪಿದೆ ಅಂತ. ಅದನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ, ತೂತುಗಳೊಳಗೂ. ಇಡೀ ರಾತ್ರಿ ಕ್ಲ್ಯಾಂಪ್ ಇರಲಿ. ತೆಗೆದ ಮೇಲೂ ಒಂದು ದಿನ ತಂತಿ ಹಾಕಬೇಡಿ.

ಪ್ರಶ್ನೆ: ನನ್ನ ಗಿಟಾರ್‌ನ ಬ್ರಿಡ್ಜ್ ಗಟ್ಟಿಯಾಗಿದೆ, ಆದರೆ ಅದರ ಹಿಂದೆ ಹಲಗೆ ಉಬ್ಬಿದೆ. ಇದನ್ನು ಚಪ್ಪಟೆ ಮಾಡಲು ಆಗುತ್ತದಾ? ಮೇಲೆ ಪುಸ್ತಕ ಹೇರಿ ಒಂದು ವಾರ ಇಟ್ಟಿದ್ದೆ, ಏನೂ ಆಗಲಿಲ್ಲ.

ಉತ್ತರ: ಉಬ್ಬೆಲ್ಲ ಕಾಯಿಲೆ ಅಲ್ಲ ಅಂತ ಮೊದಲು ತಿಳಿಯಿರಿ. ಬಹಳಷ್ಟು ಗಿಟಾರ್‌ಗಳ ಹಲಗೆಯನ್ನು ಬೇಕಂತಲೇ ಸ್ವಲ್ಪ ಕಮಾನಾಗಿ ಮಾಡುತ್ತಾರೆ, ತಂತಿ ಜಗ್ಗಿದಾಗ ಇನ್ನೂ ಸ್ವಲ್ಪ ಏಳುವುದು ಸಹಜ. ತಂತಿಯ ಎತ್ತರ ಸರಿ ಇದ್ದು, ಬ್ರೇಸ್‌ಗಳು ಗಟ್ಟಿ ಇದ್ದು, ಉಬ್ಬು ವರ್ಷದಿಂದ ವರ್ಷಕ್ಕೆ ಬೆಳೆಯದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ, ನುಡಿಸಿ. ಬೆಳೆಯುತ್ತಿದ್ದರೆ ಬಿಟ್ಟ ಬ್ರೇಸ್ ಹುಡುಕಿ. ಮುಕ್ಕಾಲು ಪಾಲು ಸಲ ಅದೇ ಇರುತ್ತದೆ ಅನ್ನುವುದು ನನ್ನ ಕೈಗೆ ಬಂದ ಗಿಟಾರ್‌ಗಳ ಅನುಭವ. ತೆಳುವಾದ ಚಾಕುವಿನಿಂದ ಅಂಟನ್ನು ಬ್ರೇಸ್‌ನ ಕೆಳಗೆ ಸೇರಿಸಿ, ಒಳಗಿನಿಂದ ಆನಿಸಿ ಒತ್ತಿಟ್ಟರೆ ಉಬ್ಬು ಅರ್ಧಕ್ಕರ್ಧ ಇಳಿಯುತ್ತದೆ.

ಪುಸ್ತಕದ ಭಾರದಿಂದ ಮರ ಆಕಾರ ಬದಲಿಸುವುದಿಲ್ಲ. ಅದಕ್ಕೆ ಬಿಸಿ ಬೇಕು. ರಿಪೇರಿಯವರು ಬಿಸಿ ಮಾಡಿದ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಹಲಗೆಯನ್ನು ಹಿಡಿದು, ತಣ್ಣಗಾಗುವವರೆಗೆ ಒತ್ತಿಟ್ಟು ಸರಿಪಡಿಸುತ್ತಾರೆ. ಬಿಸಿ ಜಾಸ್ತಿಯಾದರೆ ಒಳಗಿನ ಬ್ರೇಸ್‌ಗಳ ಅಂಟೇ ಬಿಡುತ್ತದೆ, ಆದ್ದರಿಂದ ಇದನ್ನು ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಇನ್ನೊಂದು ದಾರಿ ಬ್ರಿಡ್ಜ್ ಡಾಕ್ಟರ್ ಅನ್ನುವ ಸಾಧನ. ಗಿಟಾರ್‌ನೊಳಗೆ ಬ್ರಿಡ್ಜ್‌ನ ಕೆಳಗೆ ಕೂರುವ ಮರದ ತುಂಡು, ಅದರಿಂದ ಹಿಂಬದಿಯ ಕಟ್ಟೆಗೆ ಒಂದು ಕೋಲು. ಬ್ರಿಡ್ಜ್ ಮುಂದಕ್ಕೆ ಮಗುಚುವುದಕ್ಕೆ ಅದು ಎದುರು ಒತ್ತಡ ಕೊಡುತ್ತದೆ. ಕೆಲಸ ಮಾಡುತ್ತದೆ. ನಾದ ಸ್ವಲ್ಪ ಬದಲಾಗುತ್ತದೆ, ಕೆಲವರಿಗೆ ಇಷ್ಟವಾಗುತ್ತದೆ, ನನಗೆ ಅಷ್ಟಾಗಿ ಹಿಡಿಸಲಿಲ್ಲ. ಏನೂ ಮಾಡದಿದ್ದರೂ ತಂತಿ ಬದಲಿಸಿ. 12ರ ಸೆಟ್ ಬದಲು 10ರ ಸೆಟ್ ಹಾಕಿದರೆ ಎಳೆತ ಸುಮಾರು 10 ಕೆಜಿಗಿಂತ ಜಾಸ್ತಿ ಇಳಿಯುತ್ತದೆ.

ಪ್ರಶ್ನೆ: ತಂತಿ ಎತ್ತರ ಇತ್ತು ಅಂತ ಟ್ರಸ್ ರಾಡ್, ಅಂದರೆ ನೆಕ್‌ನೊಳಗಿನ ಲೋಹದ ಸರಳು, ಎರಡು ಸುತ್ತು ಬಿಗಿದೆ. ಟಕ್ ಅಂತ ಸದ್ದು ಬಂತು. ಈಗ ಮೊದಲ ಮೂರು ಫ್ರೆಟ್‌ನಲ್ಲಿ ತಂತಿ ಜುಂಯ್ ಅನ್ನುತ್ತದೆ, ಮೇಲೆ ಮಾತ್ರ ಎತ್ತರ ಹಾಗೇ ಇದೆ. ರಾಡ್ ಮುರಿದಿದೆಯಾ?

ಉತ್ತರ: ಮೊದಲ ಫ್ರೆಟ್‌ಗಳಲ್ಲಿ ಜುಂಯ್ ಅನ್ನುತ್ತಿದೆ ಅಂದರೆ ನೆಕ್ ಹಿಂದಕ್ಕೆ ಬಾಗಿದೆ, ಅಂದರೆ ರಾಡ್ ಕೆಲಸ ಮಾಡುತ್ತಿದೆ. ಮುರಿದಿರುವ ಸಾಧ್ಯತೆ ಕಡಿಮೆ. ತಂತಿ ಸಡಿಲಿಸಿ, ಕೀಲಿಯನ್ನು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ನೋಡಿ. ಹೀಗೇ ಕಾಲು ಕಾಲು ಸುತ್ತಾಗಿ ವಾಪಸ್ ಬನ್ನಿ.

ಟ್ರಸ್ ರಾಡ್ ಇರುವುದು ತಂತಿಯ ಎತ್ತರ ಇಳಿಸಲು ಅಲ್ಲ. ನೆಕ್‌ನ ಬಾಗನ್ನು ಹದಕ್ಕೆ ತರಲು. ಗಿಬ್ಸನ್ ಕಂಪನಿಯ ಟೆಡ್ ಮೆಕ್‌ಹ್ಯೂ ತಿರುಗಿಸಲು ಬರುವ ಟ್ರಸ್ ರಾಡ್‌ಗೆ 1923ರಲ್ಲಿ ಪೇಟೆಂಟ್ ಪಡೆದಾಗಲೂ ಉದ್ದೇಶ ಇದೇ ಆಗಿತ್ತು. ಒಂದು ತಂತಿಯನ್ನು 1ನೇ ಫ್ರೆಟ್ ಮತ್ತು 14ನೇ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎರಡು ಕಾಗದದಷ್ಟು, ಅಂದರೆ 0.2 ಮಿಲಿಮೀಟರ್ ಆಸುಪಾಸು ಸಂದು ಇದ್ದರೆ ನೆಕ್ ಸರಿ ಇದೆ. ಆಮೇಲೂ ತಂತಿ ಎತ್ತರ ಇದ್ದರೆ ಸ್ಯಾಡಲ್ ತೆಗೆದು ಅದರ ತಳ ಉಜ್ಜಬೇಕು. 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಿಂದ ಒಂದು ಮಿಲಿಮೀಟರ್ ತೆಗೆಯಬೇಕು, ಲೆಕ್ಕ ಯಾವಾಗಲೂ ದುಪ್ಪಟ್ಟು. ಆದರೆ ಬ್ರಿಡ್ಜ್ ಎದ್ದಿದೆಯಾ ಅಂತ ನೋಡದೆ ಸ್ಯಾಡಲ್ ಉಜ್ಜಬೇಡಿ. ಮುಂದೆ ಬ್ರಿಡ್ಜ್ ಸರಿ ಮಾಡಿದಾಗ ತಂತಿ ಫ್ರೆಟ್ ಮೇಲೆ ಮಲಗಿಬಿಡುತ್ತದೆ.

ನೆಕ್ ಹಗ್ಗದ ಹಾಗೆ ತಿರುಚಿಕೊಂಡಿದ್ದರೆ, ಅಂದರೆ ಹೆಡ್‌ಸ್ಟಾಕ್ (ಶ್ರುತಿಯ ಬಿರಡೆಗಳಿರುವ ನೆಕ್‌ನ ತಲೆ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡು ಅಂಚೂ ಒಂದೇ ಮಟ್ಟದಲ್ಲಿ ಕಾಣದಿದ್ದರೆ, ಸಾಮಾನ್ಯ ಟ್ರಸ್ ರಾಡ್‌ನಿಂದ ಅದು ಸರಿಹೋಗುವುದಿಲ್ಲ.

ಪ್ರಶ್ನೆ: ಮೇಡಂ ಒಬ್ಬರ ಹತ್ತಿರ ಕಲಿಯುತ್ತಿದ್ದೇನೆ. ನನ್ನದು ನೈಲಾನ್ ತಂತಿಯ ಗಿಟಾರ್. ಸದ್ದು ಜೋರಾಗಿ ಬರಲಿ ಅಂತ ಸ್ಟೀಲ್ ತಂತಿ ಹಾಕಿದೆ. ಎರಡೇ ತಿಂಗಳಿಗೆ ಬ್ರಿಡ್ಜ್ ಪೂರ್ತಿ ಕಿತ್ತು ಬಂತು, ಜೊತೆಗೆ ಹಲಗೆಯ ಚೂರುಗಳೂ ಬಂದಿವೆ. ಮೇಡಂಗೆ ಹೇಳಲು ಭಯ.

ಉತ್ತರ: ಹೇಳಿಬಿಡಿ, ಅವರು ಇದನ್ನು ಬೇರೆ ಮಕ್ಕಳ ಗಿಟಾರ್‌ನಲ್ಲೂ ನೋಡಿರುತ್ತಾರೆ. ನೈಲಾನ್ ತಂತಿಗಳ ಎಳೆತ ಒಟ್ಟು 40 ಕೆಜಿ ಹತ್ತಿರ. ಆ ಗಿಟಾರ್‌ನ ಹಲಗೆ, ಒಳಗಿನ ಬೀಸಣಿಗೆ ಆಕಾರದ ತೆಳು ಬ್ರೇಸ್‌ಗಳು, ತಂತಿ ಕಟ್ಟುವ ಬ್ರಿಡ್ಜ್, ಎಲ್ಲವೂ ಅಷ್ಟಕ್ಕೇ ಮಾಡಿದವು. ಸ್ಟೀಲ್ ಹಾಕಿದರೆ ಎಳೆತ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಚೂರು ಬಂದಿರುವುದಕ್ಕೆ ಎದೆಗುಂದಬೇಡಿ. ಬ್ರಿಡ್ಜ್‌ನ ತಳಕ್ಕೆ ಅಂಟಿಕೊಂಡ ನಾರುಗಳನ್ನು ಕೀಳಬೇಡಿ, ಸ್ಯಾಂಡ್‌ಪೇಪರ್ ಹಾಕಬೇಡಿ, ಬೆರಳಲ್ಲಿ ಸವರುವುದೂ ಬೇಡ. ಮುರಿದ ಮಡಕೆಯ ಚೂರುಗಳ ಹಾಗೆ ಅವು ಹಲಗೆಯ ಕುಳಿಗಳಿಗೆ ಸರಿಯಾಗಿ ಕೂರುತ್ತವೆ. ಬ್ರಿಡ್ಜನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟು ನೋಡಿ, ಕ್ಲಿಕ್ ಅಂತ ಕೂತ ಹಾಗೆ ಆದರೆ ಆ ಮುರಿದ ನಾರಿಗೇ ಅಂಟು ಹಾಕಿ ಕ್ಲ್ಯಾಂಪ್ ಮಾಡಬಹುದು. ಹೊಸದಾಗಿ ಸೀಳಿದ ಮರ ಅಂಟನ್ನು ತುಂಬ ಚೆನ್ನಾಗಿ ಹಿಡಿಯುತ್ತದೆ. ಚೂರು ಕಳೆದುಹೋಗಿ ಗುಳಿ ಬಿದ್ದಿದ್ದರೆ ಅದೇ ಜಾತಿಯ ಮರವನ್ನು ಅದೇ ಎಳೆಯ ದಿಕ್ಕಿಗೆ ಕೂರಿಸಿ ಮಟ್ಟ ಮಾಡಬೇಕು, ಅದನ್ನು ಬಲ್ಲವರಿಗೆ ಬಿಡಿ. ಮುಂದೆ ನೈಲಾನ್ ತಂತಿಯನ್ನೇ ಹಾಕಿ. ಸದ್ದು ಜಾಸ್ತಿ ಬೇಕೆಂದರೆ ಹೈ ಟೆನ್ಶನ್ ನೈಲಾನ್ ಸೆಟ್ ಬರುತ್ತದೆ, ಆದರೆ ಈ ಗಿಟಾರ್‌ಗೆ ಈಗ ನಾರ್ಮಲ್ ಟೆನ್ಶನ್ ಸಾಕು.

ಪ್ರಶ್ನೆ: ಎದ್ದ ಬ್ರಿಡ್ಜ್‌ಗೆ ಎರಡು ಸ್ಕ್ರೂ ಹೊಡೆದರೆ ಆಗಲ್ವಾ?

ಉತ್ತರ: ಸ್ಕ್ರೂ ಬೇಡ. ಹಲಗೆಗೆ ಸಾಮಾನ್ಯವಾಗಿ ಬಳಸುವ ಸ್ಪ್ರೂಸ್ ಮೆತ್ತನೆಯ ಮರ, ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಹಲಗೆ ಸೀಳಬಹುದು. ಕೆಲವು ಕಾರ್ಖಾನೆಗಳು ಬೋಲ್ಟ್ ಹಾಕುತ್ತವೆ ನಿಜ, ಆದರೆ ಅದು ಅಂಟಿನ ಜೊತೆಗೆ, ಅಂಟಿನ ಬದಲಿಗೆ ಅಲ್ಲ.

ಪ್ರಶ್ನೆ: ದಿನಾ ನುಡಿಸಿದ ಮೇಲೆ ತಂತಿ ಸಡಿಲಿಸಿ ಇಡಬೇಕಾ? ಗಿಟಾರ್ ಎಲ್ಲಿ ಇಟ್ಟರೆ ಒಳ್ಳೆಯದು? ನನ್ನದು ಒಮ್ಮೆ ಕಾರಿನಲ್ಲಿ ಉಳಿದು, ಸಂಜೆ ನೋಡುವಷ್ಟರಲ್ಲಿ ಬ್ರಿಡ್ಜ್ ಎದ್ದಿತ್ತು.

ಉತ್ತರ: ದಿನಾ ಬೇಡ. ಒಳ್ಳೆಯ ಗಿಟಾರ್ ಆ ಎಳೆತಕ್ಕೆಂದೇ ಕಟ್ಟಿದ್ದು. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಮಾತ್ರ ಒಂದೆರಡು ಸ್ವರ ಇಳಿಸಿ ಇಡಿ.

ಕಾರಿನಲ್ಲಿ ಆದದ್ದು ಬಿಸಿಯಿಂದ. ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗೆ 60 ಡಿಗ್ರಿ ದಾಟಬಹುದು, ಮರದ ಅಂಟು ಮೆತ್ತಗಾಗಲು ಶುರುವಾಗುವುದೂ ಹೆಚ್ಚುಕಡಿಮೆ ಅಲ್ಲೇ. ಮೊದಲ ಉತ್ತರದಲ್ಲಿ ನಾವು ಇಸ್ತ್ರಿ ಪೆಟ್ಟಿಗೆಯಿಂದ ಮಾಡಿದ ಕೆಲಸವನ್ನೇ ಕಾರು ನಿಧಾನವಾಗಿ ಮಾಡಿದೆ, ಅದೂ ತಂತಿ ಪೂರ್ತಿ ಬಿಗಿದಿರುವಾಗ. ಕಪ್ಪು ಕೇಸ್ ಇನ್ನೂ ಬೇಗ ಕಾಯುತ್ತದೆ. ಕಿಟಕಿಯ ಬಿಸಿಲು, ಹೀಟರ್ ಪಕ್ಕ, ಹೊರಗಿನ ಗೋಡೆ ಇವೂ ಬೇಡ.

ತೇವದ ವಿಷಯಕ್ಕೆ ಬಂದರೆ, ಗಾಳಿಯಲ್ಲಿ 45 ರಿಂದ 55 ಶೇಕಡಾ ತೇವ ಇರುವ ಜಾಗ ಗಿಟಾರ್‌ಗೆ ಹಿತ. ಜಾಸ್ತಿಯಾದರೆ ಹಲಗೆ ನೀರು ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಕಡಿಮೆಯಾದರೆ ಹಲಗೆ ಕುಗ್ಗಿ ಸೀಳು ಬಿಡುತ್ತದೆ, ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಗೆ ಚಾಚಿ ಕೈಗೆ ತರಚುತ್ತದೆ. ಕೇಸ್‌ನೊಳಗೆ ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಇಡಿ. ಮಳೆಯ ದಿನಗಳಲ್ಲಿ ಎದ್ದ ತಂತಿ ಒಣ ಹವೆ ಬಂದಾಗ ತಾನೇ ಇಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒದ್ದೆ ತಿಂಗಳಲ್ಲಿ ಸ್ಯಾಡಲ್ ಉಜ್ಜಿದವರು ಒಣ ತಿಂಗಳಲ್ಲಿ ಹೊಸ ಸ್ಯಾಡಲ್ ಹುಡುಕುತ್ತಾರೆ.

ಪ್ರಶ್ನೆ: ನನ್ನ ಗಿಟಾರ್ ಪ್ಲೈವುಡ್‌ದು, ತೀರಾ ಸಾಧಾರಣ. ಇಷ್ಟೆಲ್ಲ ಕಷ್ಟಪಡುವುದು ಬೇಕಾ?

ಉತ್ತರ: ಬ್ರಿಡ್ಜ್ ಮಾತ್ರ ಎದ್ದಿದ್ದರೆ ಖಂಡಿತ ಬೇಕು. ಪ್ಲೈವುಡ್ ಹಲಗೆ ಸುಲಭಕ್ಕೆ ಸೀಳುವುದಿಲ್ಲ, ಕಲಿಯಲು ಅದಕ್ಕಿಂತ ಒಳ್ಳೆಯ ಗಿಟಾರ್ ಇಲ್ಲ. ನನ್ನ ಕೈ ಪಳಗಿದ್ದೂ ಅಂಥವುಗಳ ಮೇಲೆಯೇ. ಚಾಕು ಹಾಕುವಾಗ ಮೇಲಿನ ತೆಳು ಪದರ ಎದ್ದು ಬರದ ಹಾಗೆ ಸ್ವಲ್ಪ ಜಾಸ್ತಿ ಬಿಸಿ, ಸ್ವಲ್ಪ ಜಾಸ್ತಿ ತಾಳ್ಮೆ ಇರಲಿ. ನೆಕ್‌ನ ಬುಡವೇ ಮುಂದಕ್ಕೆ ಬಾಗಿದ್ದರೆ ಮಾತು ಬೇರೆ. ನೆಕ್ ಬಿಚ್ಚಿ ಕೋನ ಸರಿಪಡಿಸುವ ಕೆಲಸ ದೊಡ್ಡದು, ಅದರ ಖರ್ಚು ಗಿಟಾರ್‌ನ ಬೆಲೆಯನ್ನೇ ದಾಟಬಹುದು. ಆಗ ಸ್ಯಾಡಲ್ ಆದಷ್ಟು ಇಳಿಸಿ, ತೆಳು ತಂತಿ ಹಾಕಿ, ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ ನುಡಿಸಿ.

ಪ್ರಶ್ನೆ: ಹೋದ ವಾರ ನಾನೇ ಬ್ರಿಡ್ಜ್ ಅಂಟಿಸಿದೆ. ಈಗ ತಂತಿ ಹಾಕಲು ಕೈ ನಡುಗುತ್ತಿದೆ. ನಿಂತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಒಂದು ವಾರ ಆಗಿದ್ದರೆ ಅಂಟು ಚೆನ್ನಾಗಿ ಒಣಗಿದೆ. ತೆಳು ಸೆಟ್ ತೆಗೆದುಕೊಳ್ಳಿ. ತಂತಿಯ ತುದಿಯ ಗುಂಡು ಪಿನ್‌ನ ತುದಿಗೆ ಅಲ್ಲ, ಬ್ರಿಡ್ಜ್ ಪ್ಲೇಟ್‌ಗೆ, ಅಂದರೆ ಬ್ರಿಡ್ಜ್‌ನ ಕೆಳಗೆ ಹಲಗೆಯ ಒಳಮೈಗೆ ಅಂಟಿಸಿದ ಮರದ ಪಟ್ಟಿಗೆ ಆನಿ ಕೂರಬೇಕು. ಪಿನ್ ಒತ್ತಿ ಹಿಡಿದು ತಂತಿಯನ್ನು ಮೇಲಕ್ಕೆ ಒಮ್ಮೆ ಎಳೆಯಿರಿ, ಗುಂಡು ಹೋಗಿ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಮೊದಲ ದಿನ ಎಲ್ಲ ತಂತಿಯನ್ನೂ ಎರಡು ಸ್ವರ ಕೆಳಗೆ ನಿಲ್ಲಿಸಿ. ಮಾರನೆಯ ದಿನ ಒಂದು ಸ್ವರ ಏರಿಸಿ, ಮೂರನೆಯ ದಿನ ಪೂರ್ತಿ ಶ್ರುತಿಗೆ ತನ್ನಿ. ಪ್ರತಿ ಸಲ ಹಿಂಬದಿಯಲ್ಲಿ ಕಾಗದ ತೂರಿಸಿ ನೋಡಿ. 12ನೇ ಫ್ರೆಟ್‌ನ ಎತ್ತರವನ್ನು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕೇಸ್‌ನಲ್ಲಿ ಇಡಿ. ಒಂದು ತಿಂಗಳ ನಂತರ ಅಳೆದಾಗ ಅದೇ ಅಂಕಿ ಬಂದು, ಕಾಗದ ಎಲ್ಲೂ ಒಳಗೆ ಹೋಗದಿದ್ದರೆ ನಿಂತಿದೆ ಅಂತಲೇ ಅರ್ಥ. ಆಗ ನನಗೊಂದು ಸಾಲು ಬರೆಯಿರಿ, ನಿಮ್ಮ ಪತ್ರಕ್ಕೆ ಕಾಯುತ್ತಿರುತ್ತೇನೆ.